ಹೊಳೆನೀರು ಹೊಕ್ಕ ಮನೆಯ ಮಂಚ



2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿದ್ದನ್ನು ನೀವು ಮರೆತಿರಲಿಕ್ಕಿಲ್ಲ. ಆಮೇಲೆ ಗಾಣಗಾಪುರದ ಕಡೆಯ ಒಂದು ಸಂಘದ ಸಭೆಯಲ್ಲಿ ಒಬ್ಬ ತಾಯಿ, "ಸಿಸ್ಟರ್, ಮಂಚ ಕೆಟ್ಟುಹೋತ್ರಿ, ಹೊಸಾದಕ್ಕ ಸಾಲ ಕೊಡ್ರಿ" ಎಂದು ಕೇಳಿದರು. ಮನೆಗೆ ಹೋಗಿ ನೋಡಿದರೆ ಕೆಟ್ಟಿದ್ದು ಮೇಲಿನ ಬಣ್ಣ ಮಾತ್ರ. ಒಳಗಿನ ಬೇವಿನ ಕಟ್ಟಿಗೆ ಗಟ್ಟಿ ಇತ್ತು. ಆದ್ದರಿಂದ ಸಾಲದ ಅರ್ಜಿ ಬರೆಯುವ ಮೊದಲು ಒಂದು ಮೊಳೆಯ ತುದಿಯಿಂದ ಕಟ್ಟಿಗೆಯನ್ನು ಅಲ್ಲಲ್ಲಿ ಚುಚ್ಚಿ ನೋಡ್ರಿ. ಮೊಳೆ ಸಲೀಸಾಗಿ ಒಳಗೆ ಹೋದರೆ ಅದು ಕೊಳೆತಿದೆ, ಇಲ್ಲವೆ ಗೆದ್ದಲು ತಿಂದಿದೆ. ಹೋಗದಿದ್ದರೆ ಮಂಚ ಉಳಿಯುತ್ತದೆ.

ರಾಡಿಯನ್ನು ಸೋಪಿನ ನೀರಿನಿಂದ ತೊಳೆದು, ಇಟ್ಟಂಗಿ ಮೇಲೆ ಎತ್ತಿಟ್ಟು, ಗಾಳಿಯಾಡುವ ನೆರಳಲ್ಲಿ ಒಣಗಿಸಿರಿ. ನಮ್ಮ ಕಡೆ ಬಿಸಿಲು ಹೇಗಿದೆ ನಿಮಗೇ ಗೊತ್ತು. ಅದರಲ್ಲಿಟ್ಟರೆ ಮೇಲ್ಭಾಗ ಬೇಗ ಒಣಗಿ, ಒಳಗೆ ಹಸಿ ಉಳಿದು, ಹಲಗೆ ಸೀಳುತ್ತದೆ. ಅವಸರ ಬೇಡ, ಕೆಲವು ವಾರ ಹಿಡಿದರೂ ಹಿಡಿಯಲಿ.

ಈಗ ಬಣ್ಣ ತೆಗೆಯುವ ಕೆಲಸ. ಇಲ್ಲಿ ಸ್ವಲ್ಪ ನಿಂತು ಓದಿರಿ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಯ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಒಣ ಬಣ್ಣ ತಿಕ್ಕಿದಾಗ ಏಳುವ ಧೂಳು ಕೂಸುಗಳ ಹೊಟ್ಟೆಗೆ ಹೋದರೆ ಮೆದುಳಿಗೆ ಪೆಟ್ಟು. ಬಸುರಿಯರಿಗೂ ಅಪಾಯ. ಆದ್ದರಿಂದ ಅಂಗಳದಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಪೇಂಟಿನ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರನ್ನು ನೀರಲ್ಲಿ ಅದ್ದಿ ಅದ್ದಿ ತಿಕ್ಕಿರಿ. ಬಣ್ಣವನ್ನು ಸುಟ್ಟು ತೆಗೆಯಬೇಡಿರಿ. ಬಿದ್ದ ರಾಡಿಯನ್ನು ಪೇಪರಿನಲ್ಲಿ ಬಳಿದು ಕಟ್ಟಿ ಕಸಕ್ಕೆ ಹಾಕಿರಿ, ಕೋಳಿ ಕೆದರುವಲ್ಲಿ ಚೆಲ್ಲಬಾರದು.

ಕಟ್ಟಿಗೆ ಮತ್ತೆ ಒಣಗಿದ ಮೇಲೆ ತೂತು, ಸೀಳುಗಳಿಗೆ ಬಡಿಗ್ಯಾನ ಹತ್ತಿರದ ಗರಗಸದ ಪುಡಿಯನ್ನು ಫೆವಿಕಾಲ್‌ನಲ್ಲಿ ಕಲಸಿ ಒತ್ತಿರಿ. ಮಾರನೆ ದಿನ 120 ನಂಬರಿನ ಕಾಗದ, ಆಮೇಲೆ 220. ತಿಕ್ಕುವಾಗ ಕಟ್ಟಿಗೆಯ ಗೆರೆ ಓಡಿದ ಕಡೆಗೇ ಕೈ ಓಡಲಿ.

ಬಣ್ಣ ಬೇಡ ಎನ್ನುವವರಿಗೆ ನಮ್ಮ ಅಗಸಿ ಎಣ್ಣೆ ಇದೆ. ತೆಳುವಾಗಿ ಸವರಿ, ಇಪ್ಪತ್ತು ನಿಮಿಷದ ನಂತರ ಉಳಿದದ್ದನ್ನು ಒರೆಸಿ, ಕೆಲವು ದಿನ ಬಿಟ್ಟು ಇನ್ನೊಮ್ಮೆ. ಶೇಂಗಾ ಎಣ್ಣೆ ನಡೆಯುವುದಿಲ್ಲ. ಅದು ಗಟ್ಟಿಯಾಗದೆ ಜಿಗಿಜಿಗಿಯಾಗಿ ಧೂಳು ಹಿಡಿಯುತ್ತದೆ. ಅಗಸಿ ಎಣ್ಣೆ ಗಾಳಿಯೊಂದಿಗೆ ಸೇರಿ ಗಟ್ಟಿಯಾಗುತ್ತದೆ, ಆಗ ಬಿಸಿಯೂ ಹುಟ್ಟುತ್ತದೆ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಒಂದೊಂದಾಗಿ ಹರವಿರಿ.

ಪ್ಲೈವುಡ್ಡಿನ ಪದರ ಎದ್ದಿದ್ದರೆ ಫೆವಿಕಾಲ್ ತುಂಬಿ, ಮೇಲೆ ಜೋಳದ ಚೀಲ ಹೇರಿ ಒಂದು ದಿನ ಬಿಡಿರಿ. ಪುಡಿ ಒತ್ತಿ ಮಾಡಿದ ಹಲಗೆಯ ಕಪಾಟು ಮಾತ್ರ ನೀರು ಕುಡಿದು ಉಬ್ಬಿದರೆ ಮರಳಿ ಸರಿಯಾಗದು. ಅದರ ಹಿಡಿಕೆ, ತಿರುಪು, ಕೀಲಿ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡಿರಿ.