ಪೀಜಿ ದಾರಿ ಮಹಾಗಾಂವ ಕ್ರಾಸಿನಿಂದಲೇ ಶುರು: ಎಂಬಿಬಿಎಸ್ ಮಕ್ಕಳಿಗೆ ಒಂಬತ್ತು ಸೂತ್ರಗಳು

ಮಹಾಗಾಂವ ಕ್ರಾಸಿನಲ್ಲಿ ಬೆಳಿಗ್ಗೆ ಕಲಬುರಗಿ ಬಸ್ಸಿಗೆ ಕಾಯುವ ಮಕ್ಕಳ ನಡುವೆ ಬಿಳಿ ಏಪ್ರನ್ ಮಡಚಿ ಬ್ಯಾಗಿಗೆ ತುರುಕಿಕೊಂಡವರೂ ಸಿಗುತ್ತಾರೆ. ಊರ ಹಿರಿಯರ ಪ್ರಶ್ನೆ ಒಂದೇ: “ಡಾಕ್ಟರ್ ಯಾವಾಗ ಆಗ್ತಿ ತಮ್ಮಾ?” ತಮ್ಮನ ತಲೆಯಲ್ಲಿ ಕೊರೆಯುವುದು ಬೇರೆಯದು: ಎಲೆಕ್ಟಿವ್ ಯಾವ ಊರಲ್ಲಿ ಮಾಡಲಿ? ಪೀಜಿಗೆ ಯಾವ ಬ್ರಾಂಚ್? ಅರ್ಜಿ ಎಲ್ಲೆಲ್ಲಿ ಹಾಕಲಿ? 1963ರಲ್ಲಿ ಎಂ.ಆರ್. ಮೆಡಿಕಲ್ ಕಾಲೇಜು ಶುರುವಾದ ಕಲಬುರಗಿಯಲ್ಲಿ ಈಗ ಜಿಮ್ಸ್, ಇಎಸ್‌ಐಸಿ, ಕೆಬಿಎನ್ ಕಾಲೇಜುಗಳೂ ಇವೆ. ಓದಲು ಜಾಗಕ್ಕೆ ಬರವಿಲ್ಲ. ಎಡವುವುದು ಲೆಕ್ಕಾಚಾರದಲ್ಲಿ. ಅದಕ್ಕೇ ಈ ಸೂತ್ರಗಳು.

1. ಕಡೆಯಿಂದ ಹಿಂದಕ್ಕೆ ಎಣಿಸಿ

ಮೊದಲು ನೀಟ್-ಪೀಜಿ ದಿನಾಂಕ ಬರೆಯಿರಿ, ಆಮೇಲೆ ಹಿಂದಕ್ಕೆ ಬನ್ನಿ. 2025ರಲ್ಲಿ ಪರೀಕ್ಷೆ ಆಗಸ್ಟ್ 3ಕ್ಕೆ ನಡೆಯಿತು. ಇಂಟರ್ನ್‌ಶಿಪ್ ಜುಲೈ 31ರೊಳಗೆ ಮುಗಿದಿರಬೇಕಿತ್ತು. ಎಷ್ಟೇ ಓದಿದ್ದರೂ ಇಂಟರ್ನ್‌ಶಿಪ್ ನಾಲ್ಕು ದಿನ ಆಚೆ ಹೋದರೆ ಆ ವರ್ಷ ಕೈತಪ್ಪಿತು. 12 ತಿಂಗಳ ಇಂಟರ್ನ್‌ಶಿಪ್‌ನಲ್ಲಿ ಸಿಗುವ ರಜೆ ಹೆಚ್ಚೆಂದರೆ 15 ದಿನ. ಅಕ್ಕನ ಮದುವೆ, ಜಾತ್ರೆ, ಜ್ವರ ಎಲ್ಲ ಅದರಲ್ಲೇ. ರಜೆಯನ್ನು ಜೋಳದ ಕಾಳಿನಂತೆ ಎಣಿಸಿ ಖರ್ಚು ಮಾಡಿ.

2. ಹೊರಗಿನ ಪೋಸ್ಟಿಂಗ್ ಯಾಕೆ ಎಂದು ಮೊದಲು ತೀರ್ಮಾನಿಸಿ

ಎಲ್ಲ ಸೂತ್ರಕ್ಕೂ ಬುಡ ಇದು. ನಮ್ಮಲ್ಲಿ ಪೀಜಿ ಸೀಟು ಕೊಡುವುದು ರ‍್ಯಾಂಕು. ದೊಡ್ಡ ಆಸ್ಪತ್ರೆಯ ದೊಡ್ಡ ಪ್ರೊಫೆಸರ್ ನಿಮ್ಮ ಬೆನ್ನು ತಟ್ಟಿದರೂ ರ‍್ಯಾಂಕ್ ಒಂದು ಸ್ಥಾನ ಮೇಲೇರುವುದಿಲ್ಲ. ಹಾಗಾದರೆ ಬೇರೆ ಆಸ್ಪತ್ರೆಗೆ ಹೋಗುವುದು ಯಾರಿಗೋ ಕಾಣಿಸಿಕೊಳ್ಳಲಿಕ್ಕಲ್ಲ, ನೀವು ಕಾಣಲಿಕ್ಕೆ. ಮೂವತ್ತು ವರ್ಷ ಈ ಕೆಲಸ ನನ್ನಿಂದ ಆದೀತೇ ಎಂದು ನಿಮ್ಮ ಕಣ್ಣಾರೆ ನೋಡಿ ಬರಲಿಕ್ಕೆ. ಅಮೆರಿಕದ ಲೆಕ್ಕ ಇದಕ್ಕೆ ಉಲ್ಟಾ. ಅದು ಎಂಟನೇ ಸೂತ್ರದಲ್ಲಿ.

3. ಎಲೆಕ್ಟಿವ್ ತಿಂಗಳನ್ನು ನೆಂಟರ ಮನೆ ನೋಡಿ ಆರಿಸಬೇಡಿ

ಮೂರನೇ ಎಂಬಿಬಿಎಸ್‌ನ ಎರಡು ಭಾಗಗಳ ನಡುವೆ ಒಂದು ತಿಂಗಳ ಎಲೆಕ್ಟಿವ್ ಬರುತ್ತದೆ, 15 ದಿನಗಳ ಎರಡು ಕಂತು. ಹೈದರಾಬಾದಿನಲ್ಲಿ ಚಿಕ್ಕಪ್ಪ ಇದ್ದಾರೆ ಎಂದು ಹೈದರಾಬಾದಿಗೆ ಓಡುವವರೇ ಹೆಚ್ಚು. ಮೊದಲು ಬ್ರಾಂಚ್ ಆರಿಸಿ, ಆಮೇಲೆ ಊರು. ಹೃದ್ರೋಗದ ಮೇಲೆ ಮನಸ್ಸಿದ್ದರೆ ಕಲಬುರಗಿ ದಾಟಲೇಬೇಕಿಲ್ಲ. 2024ರ ಡಿಸೆಂಬರಿನಲ್ಲಿ ಇಲ್ಲೇ ಜಯದೇವದ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. ಹಾಸಿಗೆ 371, ಸಂವಿಧಾನದ 371(ಜೆ) ಕಲಮಿನ ನೆನಪಿಗೆ. ಕ್ಯಾನ್ಸರ್ ಕಡೆ ಒಲವಿದ್ದರೆ ಕಿದ್ವಾಯಿ ಶಾಖೆಯೂ ಊರಲ್ಲೇ ಇದೆ. ಅನುಮತಿಗೆ ಮೊದಲು ನಿಮ್ಮ ಕಾಲೇಜಿನ ವಿಭಾಗವನ್ನು ಕೇಳಿ. ಬಾಯಿಮಾತು ಬೇಡ, ಪತ್ರ ಇರಲಿ. ಲಾಗ್‌ಬುಕ್‌ಗೆ ಅಂದಂದಿನ ಸಹಿ ಅಂದೇ ಹಾಕಿಸಿ. ತಿಂಗಳು ಕಳೆದ ಮೇಲೆ ಸಹಿಗಾಗಿ ಓಪಿಡಿ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಕಷ್ಟದ ಪೋಸ್ಟಿಂಗ್ ಇನ್ನೊಂದಿಲ್ಲ.

4. ಹಳ್ಳಿಯ ವಾರಗಳನ್ನು ಓದುವ ರಜೆ ಎನ್ನಬೇಡಿ

ಇಂಟರ್ನ್‌ಶಿಪ್‌ನಲ್ಲಿ ಕಮ್ಯುನಿಟಿ ಮೆಡಿಸಿನ್‌ಗೆ 12 ವಾರ. ಹಳ್ಳಿ ಕೇಂದ್ರದಲ್ಲಿ ಸಹಿ ಮಾಡಿ ಪುಸ್ತಕ ಹಿಡಿದು ಕೂರುವ ಆಸೆ ಯಾರಿಗಿಲ್ಲ? ಆದರೆ ಮಹಾಗಾಂವ, ಕಮಲಾಪುರ ಕಡೆ ತೊಗರಿ ಹೂಬಿಟ್ಟು ಕಾಯಿಕಟ್ಟುವ ಹೊತ್ತಿನ ಒಂದು ಸಂಜೆ ನೋಡಿ. ರೈತನೊಬ್ಬ ಬೆಂಚಿನ ಮೇಲೆ ಬಂದು ಕೂರುತ್ತಾನೆ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು. “ಎಣ್ಣಿ ಹೊಡಿಲಾಕ ಹೋಗಿದ್ದೆ ಸಾಹೇಬ್ರ, ಚಕ್ಕರ್ ಬಂತ್ರಿ” ಎನ್ನುತ್ತಾನೆ. ಬೇರೆ ಸೀಮೆಯಿಂದ ಬಂದ ಇಂಟರ್ನ್‌ಗೆ ಎಣ್ಣೆ ಎಂದರೆ ಒಗ್ಗರಣೆ. ಇಲ್ಲಿಯವರಿಗೆ ಎಣ್ಣಿ ಎಂದರೆ ಕೀಟನಾಶಕ. ಟಾರ್ಚ್ ಹಿಡಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಇಷ್ಟು ಕಂಡವನ ಕೈ ಅಟ್ರೋಪಿನ್ ಕಡೆ ಹೋಗುತ್ತದೆ. ಆರ್ಗನೋಫಾಸ್ಫರಸ್ ವಿಷದ ಪ್ರಶ್ನೆ ಪರೀಕ್ಷೆಯಲ್ಲಿ ಬಂದಾಗ ನೆನಪಾಗುವುದು ಪುಟದ ಸಂಖ್ಯೆಯಲ್ಲ, ಆ ಬೆವರಿದ ಅಂಗಿ. ದೂರದ ಆಸ್ಪತ್ರೆ ಕಲಿಸದ ಪಾಠ ಕೆಲವೊಮ್ಮೆ ಊರ ಪಕ್ಕದಲ್ಲೇ ಇರುತ್ತದೆ.

5. ಬಾಗಿಲು ಎರಡು, ಬೀಗ ಬೇರೆ ಬೇರೆ

ನೀಟ್-ಪೀಜಿಯಲ್ಲಿ 200 ಪ್ರಶ್ನೆ, 800 ಅಂಕ, ಮೂರೂವರೆ ಗಂಟೆ. ಸರಿಗೆ 4, ತಪ್ಪಿಗೆ ಒಂದು ಕಡಿತ. 2025ರಲ್ಲಿ 40 ಪ್ರಶ್ನೆಗಳ ಐದು ಭಾಗ, ಭಾಗಕ್ಕೆ 42 ನಿಮಿಷ. ಮುಗಿದ ಭಾಗಕ್ಕೆ ಮರಳುವಂತಿಲ್ಲ. “ಕಷ್ಟದ್ದನ್ನು ಕೊನೆಗೆ ನೋಡಿದರಾಯಿತು” ಎಂಬ ಹಳೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಹಾಗಾಗಿ ಮನೆಯಲ್ಲೂ 42 ನಿಮಿಷದ ಗಡಿಯಾರ ಇಟ್ಟೇ ಅಭ್ಯಾಸ ಮಾಡಿ. ಏಮ್ಸ್, ಜಿಪ್ಮರ್, ಚಂಡೀಗಢದ ಪಿಜಿಐ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಬೇಕಿದ್ದರೆ ಬರೆಯಬೇಕಾದ್ದು ಐಎನ್‌ಐ-ಸಿಇಟಿ, ವರ್ಷಕ್ಕೆ ಎರಡು ಬಾರಿ. ಮನೋವೈದ್ಯ ಆಗಬೇಕೆಂದು ನೀಟ್ ಒಂದನ್ನೇ ನೆಚ್ಚಿ ಕೂತರೆ ನಿಮ್ಹಾನ್ಸ್ ಬಾಗಿಲು ತಟ್ಟದೆಯೇ ಮನೆಗೆ ಮರಳಿದಂತೆ.

6. 371(ಜೆ) ಪ್ರಮಾಣಪತ್ರ ಇವತ್ತೇ ನೋಡಿಕೊಳ್ಳಿ

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಕಲಮಿನ ಬಲದಿಂದ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ 70 ಪ್ರತಿಶತ, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ 8 ಪ್ರತಿಶತ ಸೀಟು ಇಲ್ಲಿಯವರಿಗೆ. ಎರಡು ಮಾತು ಮರೆಯಬೇಡಿ. ಇದು ಕೆಇಎ ನಡೆಸುವ ರಾಜ್ಯ ಕೋಟಾದಲ್ಲಿ ಮಾತ್ರ. ಎಂಸಿಸಿಯ ಅಖಿಲ ಭಾರತ ಕೋಟಾದಲ್ಲಿ ಇದರ ಲೆಕ್ಕವಿಲ್ಲ. ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ಕೌನ್ಸೆಲಿಂಗ್ ವಾರದಲ್ಲಿ ಎಸಿ ಆಫೀಸಿಗೆ ಓಡಿದರೆ ಫೈಲಿಗಿಂತ ಮೊದಲು ನೀವೇ ದಣಿಯುತ್ತೀರಿ. ಪೀಜಿಯಲ್ಲಿ ಬರೀ ವಾಸಸ್ಥಳದ ಮೇಲೆ ಮೀಸಲು ಕೊಡುವಂತಿಲ್ಲ ಎಂದು 2025ರ ಜನವರಿ 29ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹೀಗಾಗಿ ಸೀನಿಯರ್ ಹೇಳಿದ ಹೋದ ವರ್ಷದ ನಿಯಮ ನಂಬಿ ಕೂರದೆ, ಈ ವರ್ಷದ ಕೆಇಎ ಮಾಹಿತಿ ಪುಸ್ತಕವನ್ನು ಸಾಲು ಬಿಡದೆ ಓದಿ.

7. ಒಂದು ಫೈಲು, ಒಂದು ಹೆಸರು

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಶರಣಬಸಪ್ಪ, ಆಧಾರಿನಲ್ಲಿ ಶರಣಬಸವ, ಡಿಗ್ರಿಯಲ್ಲಿ ಎಸ್. ಬಸಪ್ಪ. ನಮ್ಮ ಕಡೆ ಇದು ಮನೆಮನೆಯ ಕಥೆ. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಆ ಮೂವರೂ ಒಬ್ಬನೇ ಎಂದು ನಂಬಿಸಬೇಕಾದವರು ನೀವು. ಭಾನುವಾರ ಮಧ್ಯಾಹ್ನ ಎಲ್ಲವನ್ನೂ ಮಂಚದ ಮೇಲೆ ಹರಡಿ: ಹತ್ತನೆಯ ತರಗತಿಯ ಅಂಕಪಟ್ಟಿ, ಎಂಬಿಬಿಎಸ್ ಅಂಕಪಟ್ಟಿಗಳು, ಇಂಟರ್ನ್‌ಶಿಪ್ ಪತ್ರ, ಕೆಎಂಸಿ ನೋಂದಣಿ, ಆರ್‌ಡಿ ನಂಬರಿರುವ ಜಾತಿ–ಆದಾಯ ಪತ್ರ, 371(ಜೆ). ಅಕ್ಷರಕ್ಕೆ ಅಕ್ಷರ ಹೋಲಿಸಿ. ತಪ್ಪಿದ್ದನ್ನು ಅಂತಿಮ ವರ್ಷದಲ್ಲೇ ತಿದ್ದಿಸಿ.

8. ಅಮೆರಿಕದ ಕನಸಿದ್ದರೆ ಕ್ಯಾಲೆಂಡರ್ ಬೇರೆ

ಅಲ್ಲಿ ಪೋಸ್ಟಿಂಗೇ ಸಂದರ್ಶನ. ಅಲ್ಲಿಯ ವೈದ್ಯರು ಬರೆದ ಶಿಫಾರಸು ಪತ್ರಕ್ಕೆ ತೂಕವಿದೆ. ಕೈಯಿಟ್ಟು ಕೆಲಸ ಮಾಡುವ ಎಲೆಕ್ಟಿವ್ ಸಾಮಾನ್ಯವಾಗಿ ವಿದ್ಯಾರ್ಥಿಗಳಿಗೆ ಮಾತ್ರ; ಪದವಿ ಮುಗಿದ ಮೇಲೆ ಹೆಚ್ಚಾಗಿ ಸಿಗುವುದು ದೂರ ನಿಂತು ನೋಡುವ ಅಬ್ಸರ್ವರ್‌ಶಿಪ್. ಹೊರಡುವ ಯೋಚನೆ ಇದ್ದರೆ ಓದುತ್ತಿರುವಾಗಲೇ ಮಾಡಿ. ಯುಎಸ್‌ಎಂಎಲ್‌ಇ ಸ್ಟೆಪ್ 1ಕ್ಕೆ 2022ರ ಜನವರಿಯಿಂದ ಅಂಕವಿಲ್ಲ, ಬರೀ ಪಾಸು–ಫೇಲು. ಅದಕ್ಕೇ ಸ್ಟೆಪ್ 2 ಅಂಕದ ಬೆಲೆ ಏರಿದೆ. ಅರ್ಜಿ ಸೆಪ್ಟೆಂಬರಿನಲ್ಲಿ, ಮ್ಯಾಚ್ ಫಲಿತಾಂಶ ಮಾರ್ಚಿನಲ್ಲಿ, ಕೆಲಸ ಜುಲೈಯಲ್ಲಿ. ನಮ್ಮ ಎನ್‌ಎಂಸಿಗೆ 2023ರಲ್ಲಿ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ (ಡಬ್ಲ್ಯುಎಫ್‌ಎಂಇ) ಮಾನ್ಯತೆ ಹತ್ತು ವರ್ಷಕ್ಕೆ ಸಿಕ್ಕಿರುವುದರಿಂದ ಕಾಲೇಜಿನ ಮಾನ್ಯತೆಯ ಚಿಂತೆ ಕಡಿಮೆ. ನೀಟ್‌ಗೂ ಸ್ಟೆಪ್‌ಗೂ ಒಟ್ಟಿಗೆ ಓದುತ್ತೇನೆ ಎಂಬ ಹುರುಪು ಬೇಡ. ಎರಡು ದೋಣಿಯಲ್ಲಿ ಕಾಲಿಟ್ಟವರ ಗತಿ ಗೊತ್ತೇ ಇದೆ.

9. ಆಪ್ಷನ್ ಎಂಟ್ರಿಗೆ ಮೊದಲು ರಾತ್ರಿ ಪಾಳಿ ನೋಡಿ

ಪಟ್ಟಿಯಲ್ಲಿ ಮೊದಲು ಬರೆಯಬೇಕಾದ್ದು ಸಿಗುವ ಸೀಟನ್ನಲ್ಲ, ಬೇಕಾದ ಸೀಟನ್ನು. ಮೇಲಿನದು ಸಿಗದಿದ್ದರೆ ಕೆಳಗಿನದು ಹೇಗೂ ಇದೆ. ಬೇಕಾದ್ದು ಯಾವುದೆಂದು ಪ್ರೊಫೆಸರನ್ನು ಕೇಳಬೇಡಿ, ಎರಡನೇ ವರ್ಷದ ಪೀಜಿಯನ್ನು ಕೇಳಿ: ಸರ್ಜರಿಯಲ್ಲಿ ಕೈಗೆ ಎಷ್ಟು ಕೇಸ್ ಸಿಗುತ್ತದೆ, ಸ್ಟೈಪೆಂಡ್ ತಿಂಗಳಿಗೆ ಸರಿಯಾಗಿ ಬರುತ್ತದೆಯೇ, ಮೂರು ತಿಂಗಳ ಡಿಸ್ಟ್ರಿಕ್ಟ್ ರೆಸಿಡೆನ್ಸಿಗೆ ಯಾವ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಯಾವ ಸುತ್ತಿನ ಮೇಲೆ ಸೀಟು ಬಿಟ್ಟರೆ ದಂಡ ಬೀಳುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಆ ಬ್ರಾಂಚಿನ ವಾರ್ಡಿನಲ್ಲಿ ಒಂದು ರಾತ್ರಿ ಕಳೆಯಿರಿ. ಎರಡು ಗಂಟೆಗೆ ಸಿಸ್ಟರ್ ಮತ್ತೆ ಕರೆದಾಗ ಏಳಲು ಬೇಸರವಾಗದಿದ್ದರೆ, ಅದನ್ನೇ ಮೊದಲ ಸಾಲಿಗೆ ಬರೆಯಿರಿ.