ರಮ್ಯಪಂಥದ ಭೂದೃಶ್ಯಚಿತ್ರ: ಬೆಳಕು ಮತ್ತು ಬಿರುಗಾಳಿ

18ನೇ ಶತಮಾನದ ಕೊನೆಯಿಂದ 19ನೇ ಶತಮಾನದ ಮಧ್ಯದವರೆಗೆ ಯುರೋಪಿನಲ್ಲಿ ಬೆಳೆದ ರಮ್ಯಪಂಥದ ಭೂದೃಶ್ಯಗಳಲ್ಲಿ ಹವಾಮಾನವೇ ನಾಯಕ. ಇದರ ಹಿಂದಿರುವುದು ಎಡ್ಮಂಡ್ ಬರ್ಕ್ 1757ರಲ್ಲಿ ವಿವರಿಸಿದ ‘ಭವ್ಯ’, ಅಂದರೆ ಭಯ ಬೆರೆತ ಬೆರಗು. ಜೋಗಿಮಟ್ಟಿಯ ಮೇಲೆ ಮುಂಗಾರು ಮೋಡ ಕವಿದು ಚಿತ್ರದುರ್ಗದ ಬಂಡೆಕೋಟೆ ಕಪ್ಪಾಗುವುದನ್ನು ಕಂಡವರಿಗೆ ಇದನ್ನು ಬಾಯಿಪಾಠ ಮಾಡಬೇಕಿಲ್ಲ. 

ಜೆ.ಎಂ.ಡಬ್ಲ್ಯು. ಟರ್ನರ್ (1775–1851) ಅವರ ‘ಮಳೆ, ಹಬೆ ಮತ್ತು ವೇಗ’ (1844) ಚಿತ್ರದಲ್ಲಿ ಸೇತುವೆ, ನದಿ ಎಲ್ಲವೂ ಹೊಂಬಣ್ಣದ ಮಳೆಮಬ್ಬಿನಲ್ಲಿ ಕರಗಿವೆ. ರೈಲೆಂಜಿನ್ನಿನ ಕಪ್ಪು ಮೂತಿಯೊಂದೇ ಎದ್ದು ಕಾಣುತ್ತದೆ. ಭಾರತಕ್ಕೆ ಬಾರದೆಯೇ 1800ರ ಸುಮಾರಿಗೆ ಅವರು ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದರು.  ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೇನೆಯೊಂದಿಗೆ ಬಂದು ಮೈಸೂರು ಸೀಮೆಯ ಬೆಟ್ಟದುರ್ಗಗಳನ್ನು ಕಣ್ಣಾರೆ ಕಂಡು ಚಿತ್ರಿಸಿದವರು ರಾಬರ್ಟ್ ಹೋಮ್. ಅವರ ಚಿತ್ರಸಂಪುಟ 1794ರದು.

ಜಾನ್ ಕಾನ್‌ಸ್ಟೆಬಲ್ 1821–22ರಲ್ಲಿ ಮೋಡಗಳ ಅಧ್ಯಯನಚಿತ್ರಗಳನ್ನು ಬರೆದರು. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೆಡ್ರಿಕ್ ಮಂಜು ಕವಿದ ಭೂದೃಶ್ಯಗಳನ್ನು ಚಿತ್ರಿಸಿದರು.

ಕರ್ನಾಟಕದ ಕೆ. ವೆಂಕಟಪ್ಪ (1886–1965) ಊಟಿಯ ಮಂಜು, ಮೋಡಗಳನ್ನು ಜಲವರ್ಣದಲ್ಲಿ ಹಿಡಿದರು. ಅವರು ಅವನೀಂದ್ರನಾಥ ಟಾಗೋರರ ಶಿಷ್ಯರು, ಹಾಗಾಗಿ ಬಂಗಾಳ ಪಂಥದವರು. ಪರೀಕ್ಷೆಯಲ್ಲಿ ಅವರ ಬಗ್ಗೆ ಕೇಳಿದಾಗ ಆಯ್ಕೆಗಳಲ್ಲಿ ‘ರಮ್ಯಪಂಥ’ ಕಂಡರೆ ಗುರುತು ಹಾಕಬೇಡಿ. ಫ್ರೆಂಚ್ ಚಿತ್ರಕಾರ ಮೋನೆ ಕೂಡ ರಮ್ಯಪಂಥದವರಲ್ಲ, ಇಂಪ್ರೆಷನಿಸ್ಟ್.