ಮೊದಲ ಹೂವಿಗೆ 7 ವರ್ಷ

ಏಪ್ರಿಲ್‌ನಲ್ಲಿ ನಾವು ಅಮೆರಿಕದ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ, ಜನ ಕಡಿಮೆ ಓಡಾಡುವ ಕಾಲುದಾರಿ ಹಿಡಿದು ಕಾಡುಹೂ ನೋಡೋಕೆ ಹೋಗಿದ್ವಿ. ಇಲ್ಲಿ 1,500ಕ್ಕೂ ಹೆಚ್ಚು ಬಗೆಯ ಹೂಬಿಡುವ ಗಿಡಗಳಿವೆ.

ಏಪ್ರಿಲ್‌ನಲ್ಲೇ ಯಾಕೆ? ಮರಗಳು ಇನ್ನೂ ಪೂರ್ತಿ ಚಿಗುರಿರಲ್ಲ, ಬಿಸಿಲು ನೆಲದವರೆಗೂ ಬೀಳುತ್ತೆ. ಮೇಲೆ ನೆರಳು ಮುಚ್ಚಿಕೊಳ್ಳೋದರೊಳಗೆ ನೆಲದ ಪುಟ್ಟ ಗಿಡಗಳು ಹೂಬಿಟ್ಟು, ವರ್ಷದ ಬಹುಪಾಲು ಆಹಾರವನ್ನು ಗೆಡ್ಡೆಗೆ ತುಂಬಿಕೊಳ್ಳಬೇಕು.

ಟ್ರಿಲಿಯಂ ನೋಡಿ: ಮೂರು ಎಲೆ, ಮೂರು ದಳ. ಬೀಜಕ್ಕೆ ಎಣ್ಣೆಯಂಶದ ಪುಟ್ಟ ತಿನಿಸು ಅಂಟಿರುತ್ತೆ. ಅದರಾಸೆಗೆ ಇರುವೆಗಳು ಬೀಜವನ್ನು ಗೂಡಿಗೆ ಹೊತ್ತೊಯ್ದು, ತಿನಿಸು ತಿಂದು ಬೀಜ ಬಿಸಾಡ್ತವೆ. ಅಲ್ಲೇ ಮೊಳಕೆ. ಮೊದಲ ಕೆಲವು ವರ್ಷ ಒಂದೇ ಎಲೆ. ದೊಡ್ಡ ಬಿಳಿ ಹೂವಿನ ಜಾತಿಯಲ್ಲಿ ಮೊದಲ ಹೂವಿಗೆ 7 ವರ್ಷವಾದರೂ ಬೇಕು. ಎಲೆಸಮೇತ ಕಿತ್ತರೆ ಆ ವರ್ಷ ಗಿಡಕ್ಕೆ ಊಟವಿಲ್ಲ. ಹೊಸ ಎಲೆ ಮುಂದಿನ ವಸಂತಕ್ಕೇ.

ನಮ್ಮಲ್ಲೊಬ್ಬರು ಫೋಟೊಗೆ ಅಂತ ದಾರಿ ಬಿಟ್ಟು ಕಾಲಿಟ್ಟರು. ಬಗ್ಗಿ ನೋಡಿದರೆ ಬೂಟಿನಡಿ ಒಂದೆಲೆಯ ಸಸಿಗಳು! ಜೀವಶಾಸ್ತ್ರ ಓದಿದ ನಮಗೇ ಕಂಡಿರಲಿಲ್ಲ. ಜನ ಕಡಿಮೆಯಿರುವ ದಾರಿಯ ಅಂಚು ಮಸುಕಾಗಿರುತ್ತೆ, ಅಲ್ಲೇ ಹೆಚ್ಚು ಎಚ್ಚರ ಬೇಕು. ಹೂವಿನ ಹತ್ತಿರ ಕ್ಯಾಮೆರಾದ ಜೂಮ್ ಹೋಗಲಿ, ನಮ್ಮ ಕಾಲು ದಾರಿಯಲ್ಲೇ ಇರಲಿ.